ಇಟ್ಟವರು ಮರೆತ ಹಣ

ಬೆಂಗಳೂರಿನಲ್ಲಿ ಬಾಡಿಗೆಯ ಮನೆ ಖಾಲಿಯಾಗುವ ದಿನ, ಮಾಲೀಕರೂ ಬಾಡಿಗೆದಾರರೂ ಬರಿದಾದ ಹಜಾರದಲ್ಲಿ ನಿಂತು ಗೋಡೆಗಳನ್ನು ನೋಡುವ ರೀತಿಯೇ ಬೇರೆ. ಅಷ್ಟು ವರ್ಷ ಹಬ್ಬಕ್ಕೆ ಹೋಳಿಗೆಯನ್ನೂ ಸಂಕ್ರಾಂತಿಗೆ ಎಳ್ಳುಬೆಲ್ಲವನ್ನೂ ಹಂಚಿಕೊಂಡವರು ಅಂದು ಮೊಳೆ ಹೊಡೆದ ತೂತುಗಳನ್ನು ಎಣಿಸುತ್ತಾರೆ. ಒಬ್ಬರಿಗೆ ಕಾಣುವ ಕಲೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಮುಂಗಡದಲ್ಲಿ ಎಷ್ಟು ಹಿಡಿದುಕೊಳ್ಳಬೇಕೆಂಬ ಮಾತು ಬರುವ ಹೊತ್ತಿಗೆ ಇಬ್ಬರ ಧ್ವನಿಯೂ ಬದಲಾಗಿರುತ್ತದೆ.

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಈ ಊರಿನ ಹಳೆಯ ರೂಢಿ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದೂ ರೂಢಿಯೇ. ಕೇಂದ್ರ ಸರ್ಕಾರವು 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆನ್ನುತ್ತದೆ. ಆದರೆ ಅದು ಮಾದರಿ, ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಬಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಬಹಳ ಹಿಂದೆಯೇ ಒಂದು ಮಾತು ಹೇಳಿದೆ: ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲಿಯೇ ಹಿಂದಿರುಗಿಸುವುದು ಬಾಡಿಗೆದಾರನ ಹೊಣೆ, ಆದರೆ ಸಹಜ ಬಳಕೆಯ ಸವೆತಕ್ಕೆ ಅವನು ಹೊಣೆಯಲ್ಲ. ಕಾನೂನು ಹೀಗಿದ್ದರೂ ರೂಢಿಯೇ ಗೆಲ್ಲುತ್ತಿದೆ. ಮುಂಗಡದ ಹಣವು ಮನೆಯ ಸಾಲಕ್ಕೋ ಮಗಳ ಮದುವೆಗೋ ಕರಗಿಹೋಗಿ, ‘ಮುಂದಿನ ಬಾಡಿಗೆದಾರರು ಬಂದು ಕೊಟ್ಟ ಮೇಲೆ ನಿಮಗೆ ಕೊಡುತ್ತೇನೆ’ ಎನ್ನುವ ಮಾಲೀಕರೂ ಕಡಿಮೆಯಿಲ್ಲ.

ಹೀಗೆ ಒಬ್ಬರು ನಂಬಿಕೆಯಿಂದ ಇನ್ನೊಬ್ಬರಲ್ಲಿ ಇಟ್ಟ ಹಣಕ್ಕೆ ನಮ್ಮ ಶಾಸ್ತ್ರದಲ್ಲಿ ‘ನ್ಯಾಸ’ ಎಂಬ ಹೆಸರುಂಟು. ಅದನ್ನು ಅಪಹರಿಸುವುದು ನ್ಯಾಸಾಪಹಾರ. ಇದನ್ನು ಅಚೌರ್ಯಾಣುವ್ರತದ ಅತಿಚಾರವೆಂದು ಭಾವಿಸುವವರೇ ಹೆಚ್ಚು. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅದನ್ನು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಇಟ್ಟಿದ್ದಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಎಣಿಸುವುದೂ ಅಲ್ಲಿಯೇ. ಪರರ ಹಣವನ್ನು ಉಳಿಸಿಕೊಳ್ಳುವುದು ಕಳವಲ್ಲದೆ ಸುಳ್ಳು ಹೇಗಾದೀತು?

ಇದಕ್ಕೆ ಉತ್ತರ ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ ಟೀಕೆಯಲ್ಲಿದೆ. ಅವರು ಕೊಡುವ ಉದಾಹರಣೆಯಲ್ಲಿ ಕನ್ನ ಹಾಕುವವನಿಲ್ಲ, ‘ನೀನು ಕೊಟ್ಟೇ ಇಲ್ಲ’ ಎಂದು ವಾದಿಸುವವನೂ ಇಲ್ಲ. ಹಣ ಇಟ್ಟವನೊಬ್ಬನು ತಾನು ಇಟ್ಟ ಮೊತ್ತವನ್ನು ಮರೆತಿದ್ದಾನೆ. ಇಟ್ಟದ್ದಕ್ಕಿಂತ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಹಾಗೆಯೇ’ ಎಂದು ಅನುಮತಿಸುತ್ತಾನೆ. ನ್ಯಾಸಾಪಹಾರವೆಂದರೆ ಇಷ್ಟೇ. ಅಲ್ಲಿ ಅಪರಾಧವನ್ನು ಮಾಡಿದ್ದು ಕೈಯಲ್ಲ, ‘ಹೌದು’ ಎಂಬ ಮಾತು.

ಈ ಸೂತ್ರವನ್ನು ನಾನು ಬಸದಿಯ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿ ಬಹುಮಾನ ಪಡೆದವನು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳಿದವನು. ಅಣುವ್ರತಗಳನ್ನು ಸ್ವೀಕರಿಸಿದ ಶ್ರಾವಕ. ಇದನ್ನು ಹೇಳುವುದೇಕೆಂದರೆ, ಕೆಲವು ವರ್ಷಗಳ ಹಿಂದೆ ಪೂಜ್ಯಪಾದರ ಉದಾಹರಣೆಯೊಳಗೆ ನಾನೇ ನಿಂತಿದ್ದೆ.

ನಿವೃತ್ತಿಯ ಹಣದಿಂದ ಕಟ್ಟಿಸಿದ ನಮ್ಮ ಮಹಡಿಯ ಮನೆಯಲ್ಲಿ ಒಂದು ಕುಟುಂಬ ಏಳು ವರ್ಷ ಇತ್ತು. ಬಂದಾಗ 15,000 ರೂಪಾಯಿ ಬಾಡಿಗೆ, 1,50,000 ಮುಂಗಡ. ಮೂರು ವರ್ಷದ ನಂತರ ಬಾಡಿಗೆ 17,500 ಆದಾಗ, ರೂಢಿಯಂತೆ ಮುಂಗಡಕ್ಕೂ 25,000 ಸೇರಿಸಿ ಕೊಡಿ ಎಂದು ಕೇಳಿದವನು ನಾನೇ. ಅವರು ನಗದಾಗಿ ಕೊಟ್ಟರು. ನನ್ನ ದಿನಚರಿಯಲ್ಲಿ ಬರೆದುಕೊಂಡೆ. ಆದರೆ ಹನ್ನೊಂದು ತಿಂಗಳಿಗೊಮ್ಮೆ ಕರಾರುಪತ್ರ ಬರೆಸುವಾಗ ಬೆರಳಚ್ಚಿನವರು ಹಳೆಯ ಪ್ರತಿಯನ್ನೇ ಇಳಿಸುತ್ತಿದ್ದರು. ಬಾಡಿಗೆಯ ಅಂಕಿ ಬದಲಾಗುತ್ತಿತ್ತು, ಮುಂಗಡದ ಅಂಕಿ ಹಾಗೆಯೇ ಉಳಿಯಿತು.

ಮನೆ ಬಿಡುವ ದಿನ ಆತ ಕರಾರುಪತ್ರವನ್ನು ಹಿಡಿದು ತಾವೇ ಲೆಕ್ಕ ಹೇಳಿದರು. ‘ಒಂದೂವರೆ ಲಕ್ಷ ಮೇಷ್ಟ್ರೇ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ 20,000 ಹಿಡಿದುಕೊಳ್ಳಿ. ಕರೆಂಟ್ ಬಿಲ್ 1,800. ಉಳಿದದ್ದು 1,28,200, ಅಲ್ಲವೇ?’

ನನಗೆ ಆ ಕ್ಷಣದಲ್ಲಿ 25,000 ನೆನಪಿತ್ತು. ‘ಹೌದು, ಸರಿ’ ಎಂದೆ.

ಆಮೇಲೆ ನನ್ನ ಮನಸ್ಸು ಮಾಡಿದ ಕೆಲಸವನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಅವರ ಚಿಕ್ಕ ಮಗ ಕೋಣೆಯ ಗೋಡೆಯ ಮೇಲೆ ಬಣ್ಣದ ಕಡ್ಡಿಯಿಂದ ಬಸ್ಸು, ಆನೆ ಬರೆದಿದ್ದ. ಅಡುಗೆಮನೆಯ ಛಾವಣಿಗೆ ಒಗ್ಗರಣೆಯ ಹೊಗೆ ಹಿಡಿದಿತ್ತು. ಹಜಾರದ ಬಣ್ಣ ಮಾಸಿತ್ತು. ಇವೆಲ್ಲಕ್ಕೂ ನಾನು ಬೆಲೆ ಕಟ್ಟತೊಡಗಿದೆ. ಬೆಲೆ 25,000 ತಲುಪುವವರೆಗೆ ಹೊಸ ಹೊಸ ಕಲೆಗಳು ಕಾಣುತ್ತಲೇ ಹೋದವು. ಲೋಭವು ಮೊದಲು ಬಂದು ಕುಳಿತಿತ್ತು, ಕಾರಣಗಳು ಒಂದೊಂದಾಗಿ ಹಿಂದಿನಿಂದ ಬಂದವು. ವರ್ಣವು ಪುದ್ಗಲದ ಗುಣ, ಪುದ್ಗಲದ ಪರ್ಯಾಯಗಳು ಬದಲಾಗುತ್ತಲೇ ಇರುತ್ತವೆ ಎಂದು ಸ್ವಾಧ್ಯಾಯದಲ್ಲಿ ಇತರರಿಗೆ ವಿವರಿಸುವ ನಾನು, ಏಳು ವರ್ಷದಲ್ಲಿ ನನ್ನ ಗೋಡೆಯ ಬಣ್ಣ ಮಾಸಿದ್ದಕ್ಕೆ ಮಾತ್ರ ಬಾಡಿಗೆದಾರರನ್ನು ಹೊಣೆ ಮಾಡಿದ್ದೆ! ಅವರು ಇಲ್ಲದಿದ್ದರೂ ಅದು ಮಾಸುತ್ತಿತ್ತು.

ಆ ರಾತ್ರಿ ಮನೆಯಾಕೆ ಕೇಳಿದರು. ‘ರೀ, ಮಧ್ಯದಲ್ಲಿ ಅವರು ಇಪ್ಪತ್ತೈದು ಸಾವಿರ ಕೊಟ್ಟಿದ್ದರಲ್ಲ, ಅದನ್ನು ಸೇರಿಸಿದಿರಾ?’ ‘ಅವರೇ ಲೆಕ್ಕ ಹೇಳಿದ್ದು, ನಾನೇನೂ ಹೇಳಲಿಲ್ಲ’ ಎಂದೆ. ಆಕೆ ಮತ್ತೆ ಮಾತನಾಡಲಿಲ್ಲ.

ಕೆಲವೇ ದಿನಗಳಲ್ಲಿ ದಶಲಕ್ಷಣ ಪರ್ವ ಬಂದಿತು. ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದರಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳ ಪ್ರವಚನ ನಡೆಯುವುದು ನಮ್ಮ ಬಸದಿಯ ಕ್ರಮ. ಏಳನೆಯ ದಿನ ಪಂಡಿತರು ಸತ್ಯಾಣುವ್ರತದ ಅತಿಚಾರಗಳಿಗೆ ಬಂದರು. ನ್ಯಾಸಾಪಹಾರಕ್ಕೆ ಮೊದಲು ಬರುವ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು, ವಿವರಿಸುವಾಗ ಸಭೆಯಲ್ಲಿ ನಗು ಎದ್ದಿತು. ಆದಾಯ ತೆರಿಗೆ ಉಳಿಸಲು ಕೊಡದ ಬಾಡಿಗೆಗೆ ರಸೀದಿ ಬರೆಸಿಕೊಳ್ಳುವ ಬಾಡಿಗೆದಾರರನ್ನೂ, ಎರಡು ಡಬ್ಬಿ ಬಣ್ಣ ತಂದು ಐದಕ್ಕೆ ಬಿಲ್ ಮಾಡಿಸುವ ಮಾಲೀಕರನ್ನೂ ಅವರು ಒಟ್ಟಿಗೆ ಹೆಸರಿಸಿದರು. ಒಡೆದ ವಾಶ್‌ಬೇಸಿನ್ನಿನ ಬಿರುಕನ್ನು ಬಿಳಿ ಸಿಮೆಂಟಿನಿಂದ ಮುಚ್ಚಿ ಬೀಗದ ಕೈ ಒಪ್ಪಿಸುವವರನ್ನೂ ಬಿಡಲಿಲ್ಲ. ಎಲ್ಲರೂ ನಕ್ಕರು. ಅನಂತರ ಅವರು ಪೂಜ್ಯಪಾದರ ಉದಾಹರಣೆಯನ್ನು ಹೇಳಿದರು. ನನಗೆ ಹೊಸದಲ್ಲದ ಉದಾಹರಣೆ. ಮಹಿಳೆಯರ ಸಾಲಿನಲ್ಲಿ ಕುಳಿತಿದ್ದ ಮನೆಯಾಕೆ ನನ್ನತ್ತ ತಿರುಗಿ ನೋಡಲಿಲ್ಲ. ನೋಡಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮರುದಿನ ಪೇಂಟರನ್ನು ಕರೆಸಿ ಆ ಹುಡುಗನ ಕೋಣೆಗೆ ಮಾತ್ರ ಎಷ್ಟಾಗುತ್ತದೆಂದು ಕೇಳಿದೆವು. 4,500 ಎಂದ. ಅದು ಬಾಡಿಗೆದಾರರ ಹೊಣೆ, ಅದರಲ್ಲಿ ನನಗೆ ಸಂಕೋಚವಿಲ್ಲ. ಉಳಿದ ಮನೆಯ ಬಣ್ಣ ಸಹಜವಾಗಿ ಮಾಸಿದ್ದು. ಅದಕ್ಕೆ ಹಿಡಿದಿದ್ದ 15,500 ಹಿಂದಿರುಗಬೇಕು. 25,000 ಸೇರಿ ಒಟ್ಟು 40,500. ನಿಜ ಹೇಳಬೇಕೆಂದರೆ 25,000 ಕೊಡುವುದು ಕಷ್ಟವಾಗಲಿಲ್ಲ, ಅದು ಅವರದೆಂದು ದಿನಚರಿಯೇ ಹೇಳುತ್ತಿತ್ತು. ರೂಢಿಯ ಬಲದಿಂದ ಬಂದ 15,500 ಬಿಡುವುದೇ ಕಷ್ಟವಾಯಿತು. ಈ ಸುದ್ದಿ ತಿಳಿದ ಬಸದಿಯ ಮಿತ್ರರೊಬ್ಬರು, ‘ನೀವು ಹೀಗೆ ಮಾಡಿದರೆ ನಾಳೆ ನಮ್ಮ ಬಾಡಿಗೆದಾರರೂ ಕೇಳುತ್ತಾರೆ’ ಎಂದು ಬೇಸರಪಟ್ಟರು. ಕೇಳಲಿ ಎಂದು ಹೇಳುವ ಧೈರ್ಯ ನನಗೆ ಆಗ ಇರಲಿಲ್ಲ, ಈಗ ಬರೆಯುತ್ತಿದ್ದೇನೆ.

ಕ್ಷಮಾವಾಣಿಯ ದಿನ ಇಬ್ಬರೂ ಅವರ ಹೊಸ ಮನೆಗೆ ಹೋದೆವು. ದಿನಚರಿಯ ಪುಟವನ್ನು ತೆರೆದು ತೋರಿಸಿದೆ. ಮರೆತವರು ನೀವು, ಮರೆಯದವನು ನಾನು ಎಂದು ಹೇಳಿ ಕ್ಷಮೆ ಕೇಳಿದೆ. ಆತ ಬಹಳ ಹೊತ್ತು ಪುಟವನ್ನೇ ನೋಡುತ್ತಿದ್ದರು. ಕಾಫಿ ತಂದ ಅವರ ಹೆಂಡತಿ ಹಣವನ್ನು ನೋಡಿ, ಈ ಮನೆಯ ಮುಂಗಡಕ್ಕೆ ಸಾಲದೆ ಬಳೆಗಳನ್ನು ಗಿರವಿ ಇಟ್ಟಿದ್ದೇವೆ ಎಂದರು. ದೂರುವ ಧ್ವನಿ ಅದಲ್ಲ, ಸುಮ್ಮನೆ ಹೇಳಿದರು. ಧನವು ಮನುಷ್ಯನ ದೇಹದ ಹೊರಗೆ ಸಂಚರಿಸುವ ಪ್ರಾಣ ಎಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿರುವುದನ್ನು ನಾನು ಅಲಂಕಾರದ ಮಾತೆಂದು ತಿಳಿದಿದ್ದೆ. ಆಕೆಯ ಬರಿಯ ಕೈಗಳನ್ನು ನೋಡಿದ ಮೇಲೆ ಹಾಗೆ ತಿಳಿಯಲಾಗಲಿಲ್ಲ.

ಆತ ಹಣವನ್ನು ಎಣಿಸಿ, ರಸೀದಿ ಬರೆದುಕೊಡುತ್ತೇನೆ ಎಂದರು. ನಮ್ಮ ನಡುವೆ ರಸೀದಿ ಏಕೆ, ಬೇಡ ಎಂದೆ.

‘ಬೇಕು’ ಎಂದು ಮನೆಯಾಕೆ ದಿನಚರಿಯನ್ನೂ ಪೆನ್ನನ್ನೂ ಅವರ ಮುಂದೆ ಸರಿಸಿದರು.