ಗಂಟು ಕೈಗೆ ಸಿಗುವ ಮೊದಲು

ಸ್ತನದ ಎಕ್ಸ್‌ರೇ ಚಿತ್ರವಾದ ಮ್ಯಾಮೊಗ್ರಾಂ ನೋಡಿ, ಮುಂದಿನ ಐದು ವರ್ಷದಲ್ಲಿ ಆ ಮಹಿಳೆಗೆ ಕ್ಯಾನ್ಸರ್ ಬರುವ ಸಂಭವ ಎಷ್ಟೆಂದು ಕಂಪ್ಯೂಟರ್ ಈಗ ಲೆಕ್ಕ ಹಾಕುತ್ತದೆ. ಅಂಥದೊಂದು ತಂತ್ರಾಂಶ ‘ಮಿರಾಯ್’. ಅದನ್ನು ರೂಪಿಸಿದ ಅಮೆರಿಕದ ಎಂಐಟಿ ತಂಡದ ರೆಜಿನಾ ಬಾರ್ಜಿಲೈ ಅವರಿಗೇ 2014ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗಿತ್ತು. ಸ್ವೀಡನ್ನಿನಲ್ಲಿ 80 ಸಾವಿರ ಮಹಿಳೆಯರ ಅಧ್ಯಯನದ 2023ರ ವರದಿ ಪ್ರಕಾರ, ಕೃತಕ ಬುದ್ಧಿಮತ್ತೆಯ (ಎಐ) ನೆರವು ಪಡೆದ ವೈದ್ಯರಿಗೆ ಚಿತ್ರ ಓದುವ ಹೊರೆ ಶೇ 44ರಷ್ಟು ಇಳಿದರೂ ಪತ್ತೆಯಲ್ಲಿ ಹಿನ್ನಡೆಯಾಗಲಿಲ್ಲ.

ತಿಪಟೂರಿನಲ್ಲಿ ಕೊಬ್ಬರಿ ಸುಲಿಯುವ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ಕೂಲಿ ಮಾಡುವ ಹೆಂಗಸರಿಗೆ ಇದರಿಂದೇನು ಸಿಕ್ಕೀತು? ನಮ್ಮಲ್ಲಿ ಎಲ್ಲರನ್ನೂ ಕರೆದು ಮ್ಯಾಮೊಗ್ರಾಂ ಮಾಡುವ ಸರ್ಕಾರಿ ಏರ್ಪಾಡೇ ಇಲ್ಲ. 30ರಿಂದ 65 ವರ್ಷದವರ ಎದೆಯನ್ನು ಐದು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಚಿತ್ರವೇ ಇಲ್ಲದ ಮೇಲೆ ಯಂತ್ರ ಏನನ್ನು ಓದಬೇಕು?

ಹಾಗೆಂದು ಕೈ ಪರೀಕ್ಷೆಯನ್ನು ಕಡೆಗಣಿಸುವಂತಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿ 20 ವರ್ಷ ನಡೆಸಿದ ಅಧ್ಯಯನದಲ್ಲಿ ಒಂದೂವರೆ ಲಕ್ಷ ಮಹಿಳೆಯರಿದ್ದರು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದವರ ಪೈಕಿ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ತಗ್ಗಿತು. ಅದಕ್ಕಿಂತ ಚಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ. ಭಾರತದಲ್ಲಿ ಈ ಕಾಯಿಲೆಗೆ ಸಿಗುವವರಲ್ಲಿ 50ರೊಳಗಿನವರು ಬಹಳ. ಅವರ ಎದೆಯಲ್ಲಿ ಗ್ರಂಥಿಯ ಭಾಗ ಹೆಚ್ಚು. ಮ್ಯಾಮೊಗ್ರಾಂನಲ್ಲಿ ಅದೂ ಬಿಳಿ, ಗಂಟೂ ಬಿಳಿ. ಎಐ ನಿಜಕ್ಕೂ ಬೇಕಿರುವುದು ಇಲ್ಲಿ. ಆದರೆ ಹೊರದೇಶದ ಹೆಂಗಸರ ಚಿತ್ರಗಳಿಂದ ಕಲಿತ ಲೆಕ್ಕ ನಮ್ಮವರಿಗೆ ಹೊಂದುತ್ತದೆಂದು ಇಲ್ಲೇ ಪರೀಕ್ಷಿಸಿ ತೋರಿಸಬೇಕು.

ಗೀತಾ ಮಂಜುನಾಥ್ ಮತ್ತು ನಿಧಿ ಮಾಥುರ್ 2016ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ನಿರಾಮಯ್’ ಕಂಪನಿ ಬೇರೆ ದಾರಿ ಹಿಡಿದಿದೆ. ಎದೆಯ ಮೇಲ್ಮೈಯ ಶಾಖದ ಚಿತ್ರ ತೆಗೆದು ಎಐನಿಂದ ಓದಿಸುತ್ತಾರೆ. ವಿಕಿರಣವಿಲ್ಲ, ಮೈ ಮುಟ್ಟುವುದಿಲ್ಲ. ನಾಚಿಕೆಯಿಂದ ಹಿಂದೆ ಸರಿಯುವವರೂ ಬಂದಾರು. ಆದರೆ ಶಾಖದ ಚಿತ್ರ ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಅನುಮಾನ ಬಂದವರಿಗೆ ಮ್ಯಾಮೊಗ್ರಾಂ, ಸೂಜಿ ಪರೀಕ್ಷೆ ಆಗಲೇಬೇಕು.

ಅಲ್ಲಿಗೆ ತಲುಪಿಸುವುದೇ ಕಷ್ಟದ ಕೆಲಸ. ‘ನಿಮಗೆ ಅಪಾಯ ಹೆಚ್ಚು’ ಎಂಬ ಚೀಟಿ ಕೊಟ್ಟು ಕಳಿಸಿದರೆ ಆಕೆಗೆ ಉಳಿಯುವುದು ಭಯವೊಂದೇ. ಚೀಟಿಯ ಜೊತೆಗೇ ಮುಂದಿನ ಪರೀಕ್ಷೆಯ ದಿನ, ಜಾಗ ಗೊತ್ತಾಗಿರಬೇಕು, ಆಶಾ ಕಾರ್ಯಕರ್ತೆ ಜೊತೆಗೆ ಹೋಗಬೇಕು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆಂದು ಬೆಂಗಳೂರಿಗೆ ಹೊರಟರೆ, 2023ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರು ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಆ ದಿನದ ಕೂಲಿಯನ್ನೂ ಸರ್ಕಾರ ತುಂಬಿಕೊಡಲಿ.