ನರಕವೇ ಗತಿ ಎಂದು ಬೈಬಲು ಎಲ್ಲಿ ಹೇಳಿದೆ?

ತುಮಕೂರು ಜಿಲ್ಲೆಯ ಮದಲೂರು, ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಕ್ರೈಸ್ತರ ಮನೆಗಳು ಕಡಿಮೆ. ಅಂಥ ಮನೆಯಲ್ಲಿ ಒಬ್ಬರು ಆತ್ಮಹತ್ಯೆ ಮಾಡಿಕೊಂಡರೆ ಉಳಿದವರು ಎರಡು ಕಡೆಯ ಮಾತು ಕೇಳಬೇಕಾಗುತ್ತದೆ. ದುರ್ಮರಣ, ದೆವ್ವವಾಗಿ ಅಲೆಯುತ್ತಾರೆ ಅನ್ನುತ್ತದೆ ಊರು. ಕ್ಷಮೆಯೇ ಇಲ್ಲದ ಪಾಪ, ನರಕವೇ ಗತಿ ಅನ್ನುತ್ತಾರೆ ಸಭೆಯ ಕೆಲವರು. ಮೊದಲನೆಯದನ್ನು ಹೇಗೋ ತಳ್ಳಿಹಾಕಬಹುದು. ಎರಡನೆಯದು ಹೆತ್ತವರ ನಿದ್ದೆ ಕೆಡಿಸುತ್ತದೆ.

ಆ ಮಾತು ಬೈಬಲಿನಲ್ಲಿಲ್ಲ. ಕ್ಷಮೆಯಿಲ್ಲದ ಪಾಪ ಎಂದು ಯೇಸು ಹೇಳಿದ್ದು (ಮತ್ತಾಯ 12) ಪವಿತ್ರಾತ್ಮ ದೂಷಣೆಯನ್ನು. ನೇಣು ಹಾಕಿಕೊಂಡ ಯೂದನ ಹೆಸರು ಎತ್ತುವವರು ಇದ್ದೇ ಇರುತ್ತಾರೆ. ಆದರೆ ಸುವಾರ್ತೆಗಳು ಅವನ ಮೇಲೆ ಹೊರಿಸುವುದು ಗುರುದ್ರೋಹವನ್ನು. ಅವರು ಸೌಲನ ಕಥೆಯನ್ನೇಕೆ ಓದುವುದಿಲ್ಲ? ಯುದ್ಧದಲ್ಲಿ ಸೋತ ಆ ಅರಸ ತನ್ನ ಜೀವ ತಾನೇ ತೆಗೆದುಕೊಂಡ. ಯಾಬೇಷ್ ಊರಿನವರು ರಾತ್ರಿಯೆಲ್ಲ ನಡೆದು ಹೋಗಿ ಅವನ ದೇಹ ತಂದು, ಎಲುಬುಗಳನ್ನು ಮರದಡಿ ಹೂಳಿ, 7 ದಿನ ಉಪವಾಸವಿದ್ದರು. ಸೌಲನಿಂದ ತಪ್ಪಿಸಿಕೊಂಡು ಬೇಟೆಯ ಮಿಗದಂತೆ ಓಡಾಡಿದ್ದ ದಾವೀದನೇ ಅವನಿಗಾಗಿ ಶೋಕಗೀತೆ ಹಾಡಿದ. ದಾವೀದನ ಸಲಹೆಗಾರನಾಗಿದ್ದ ಅಹೀತೋಫೆಲನೂ ಹೀಗೇ ಸತ್ತವನು. ಅವನನ್ನು ತಂದೆಯ ಸಮಾಧಿಯಲ್ಲೇ ಇಟ್ಟರು.

ಹಾಗಾದರೆ ಈ ಭಯ ಬಂದದ್ದೆಲ್ಲಿಂದ? ಚರ್ಚಿನ ಹಳೆಯ ಕಾನೂನಿಗೂ ಅದರಲ್ಲಿ ಪಾಲಿದೆ. ಇಂಗ್ಲೆಂಡಿನ ಸಭೆಯ 1662ರ ಪ್ರಾರ್ಥನಾ ಪುಸ್ತಕ ಆತ್ಮಹತ್ಯೆ ಮಾಡಿಕೊಂಡವರಿಗೆ ಸಮಾಧಿ ಸಂಸ್ಕಾರ ಸಲ್ಲದು ಎಂದಿತ್ತು. ಕಥೋಲಿಕರ 1917ರ ಕಾನೂನು ಬೇಕೆಂದೇ ಜೀವ ತೆಗೆದುಕೊಂಡವರಿಗೆ ಅದನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ತುಮಕೂರು ಜಿಲ್ಲೆಯ ಕಥೋಲಿಕರಿಗೂ ಇದೇ ಕಾನೂನು. 'ಫಾದರ್ ಮಣ್ಣಿಗೆ ಬರಲ್ಲ' ಎಂಬ ಮಾತಿಗೆ ಈಗ ಆಧಾರವಿಲ್ಲ. ಆತ್ಮಹತ್ಯೆ ಸರಿ ಎಂದು ಚರ್ಚ್ ಇಂದಿಗೂ ಒಪ್ಪಿಲ್ಲ. ಆದರೆ ತೀವ್ರ ಮಾನಸಿಕ ಬೇನೆ, ಯಾತನೆ, ಭಯ ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು, ಅಂಥವರ ರಕ್ಷಣೆಯ ಬಗ್ಗೆ ಯಾರೂ ನಿರಾಶರಾಗಬಾರದು ಎಂದು ಕಥೋಲಿಕರ 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಪಶ್ಚಾತ್ತಾಪಕ್ಕೆ ಸಮಯ ಸಿಗಲಿಲ್ಲವಲ್ಲ ಎಂಬ ವಾದಕ್ಕೂ ಅಲ್ಲೇ ಉತ್ತರವಿದೆ: ಆ ಅವಕಾಶವನ್ನು ದೇವರು ತನಗೆ ಮಾತ್ರ ತಿಳಿದ ದಾರಿಯಲ್ಲಿ ಕೊಡಬಲ್ಲ.

ವಿಶ್ವಾಸ ಸಾಲದೆ ಹೀಗಾಯಿತು ಎನ್ನುವವರು ಎಲೀಯನನ್ನು ನೆನೆಯಲಿ. ಅಷ್ಟು ದೊಡ್ಡ ಪ್ರವಾದಿಯೂ ಸಾವು ಬೇಡಿದ. ದೇವರು ಅವನಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ಮಲಗಲು ಬಿಟ್ಟ, ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದ. 'ದೇವರ ಚಿತ್ತ, ಅಳಬೇಡಿ' ಎಂಬ ಸಮಾಧಾನವೂ ಬೇಡ. ಗೆಳೆಯ ಲಾಜರನ ಸಮಾಧಿಗೆ ಹೋಗುತ್ತ ಯೇಸುವೇ ಅತ್ತ.

ಇನ್ನೊಂದು ತಪ್ಪು ತಿಳಿವಳಿಕೆ ಜೀವಕ್ಕೇ ಎರವಾಗಬಹುದು. ದುಃಖದಲ್ಲಿರುವವರನ್ನು 'ನಿಮಗೂ ಸಾಯಬೇಕು ಅನ್ನಿಸುತ್ತಿದೆಯಾ?' ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂದು ಜನ ಹೆದರುತ್ತಾರೆ. ಕೇಳುವುದರಿಂದ ಹಾಗಾಗುವುದಿಲ್ಲ. ಹತ್ತಿರದವರನ್ನು ಹೀಗೆ ಕಳೆದುಕೊಂಡವರಿಗೆ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚು. ಆದ್ದರಿಂದ ಸಭಾಪಾಲಕರು, ನೆಂಟರು ನೇರವಾಗಿಯೇ ಕೇಳಬೇಕು. ಹೌದು ಎಂದರೆ ಒಂಟಿಯಾಗಿ ಬಿಡದೆ, ಜೊತೆಯಲ್ಲಿ ಕೂತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ, ಉಚಿತವಾಗಿ.