ಮಾರ್ಫಿನ್ ಮೇಲಿನ ಅರ್ಧ ಸರಿಯಾದ ಅನುಮಾನ

ಕ್ಯಾನ್ಸರ್ ರೋಗಿಗೆ ಡಾಕ್ಟರು ಮಾರ್ಫಿನ್ ಬರೆದುಕೊಟ್ಟರೆ ಮನೆಯವರಿಗೆ ಮೊದಲು ಹುಟ್ಟುವುದು ಚಟ ಹತ್ತೀತೆಂಬ ಭಯ. ಅದರ ಬೆನ್ನಿಗೇ ಇನ್ನೊಂದು: ಕೀಮೋದಿಂದ ಮೊದಲೇ ಸೊರಗಿರುವ ರೋಗನಿರೋಧಕ ಶಕ್ತಿ ಇದರಿಂದ ಪೂರ್ತಿ ನೆಲಕಚ್ಚಿದರೆ? ಈ ಎರಡನೆಯ ಅನುಮಾನ ಬುಡವಿಲ್ಲದ್ದಲ್ಲ. ಮಾರ್ಫಿನ್‌ನ ಮೂಲವಾದ ಅಫೀಮು ಕೊಟ್ಟ ಗಿನಿ ಹಂದಿಗಳು ಬ್ಯಾಕ್ಟೀರಿಯಾಗಳಿಗೆ ಬೇಗ ಬಲಿಯಾಗುತ್ತವೆಂದು 1898ರಲ್ಲೇ ವರದಿಯಾಗಿತ್ತು.

ಮಾರ್ಫಿನ್ ನೋವನ್ನು ತಡೆಯುವುದು ಮಿದುಳು ಮತ್ತು ಬೆನ್ನುಹುರಿಯಲ್ಲಿರುವ 'ಮ್ಯೂ' ಎಂಬ ಗ್ರಾಹಕಗಳನ್ನು ಹಿಡಿದು. ಅದೇ ಹಿಡಿತದಿಂದ ನರಗಳ ಮೂಲಕವೂ ಕಾರ್ಟಿಸಾಲ್ ಹಾರ್ಮೋನಿನ ಮೂಲಕವೂ ಬಿಳಿ ರಕ್ತಕಣಗಳ ಚುರುಕು ತಗ್ಗಬಲ್ಲದು. ಪ್ರಯೋಗದ ಇಲಿಗಳಲ್ಲಿ ಕರುಳಿನ ಒಳಪದರ ಸಡಿಲಗೊಂಡು ಬ್ಯಾಕ್ಟೀರಿಯಾ ಒಳನುಸುಳಿದ್ದೂ ಉಂಟು. ಇವುಗಳಿಗಿಂತ ಚಿಂತೆಯ ವಿಷಯ ನ್ಯಾಚುರಲ್ ಕಿಲ್ಲರ್ ಕೋಶಗಳದ್ದು. ಗಡ್ಡೆಯಿಂದ ಕಳಚಿ ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕೆಲಸದಲ್ಲಿ ಇವುಗಳ ಪಾಲು ದೊಡ್ಡದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಲೀಬೆಸ್ಕಿಂಡ್ ಅವರ ತಂಡ 1984ರಲ್ಲಿ ತೋರಿಸಿದ್ದು ಇದನ್ನೇ: ಹೆಚ್ಚು ಮಾರ್ಫಿನ್ ಕೊಟ್ಟ ಇಲಿಗಳಲ್ಲಿ ಈ ಕೋಶಗಳು ಮಂಕಾಗುತ್ತವೆ.

ವಿಷಯ ಇಲ್ಲಿಗೇ ನಿಂತಿದ್ದರೆ ಮಾರ್ಫಿನ್ ಬೇಡವೆಂದುಬಿಡಬಹುದಿತ್ತು. ಆದರೆ ಅದೇ ತಂಡದವರು 1993ರಲ್ಲಿ ಇಲಿಗಳ ಹೊಟ್ಟೆ ಕೊಯ್ದು ಹೊಲಿದು, ರಕ್ತಕ್ಕೆ ಕ್ಯಾನ್ಸರ್ ಕೋಶ ಬಿಟ್ಟು ನೋಡಿದರು. ನೋವು ಶಮನಕ್ಕೆ ಏನೂ ಸಿಗದ ಇಲಿಗಳ ಶ್ವಾಸಕೋಶದಲ್ಲಿ ಕ್ಯಾನ್ಸರ್ ಹೆಚ್ಚಾಗಿ ಬೇರೂರಿತು. ಮಾರ್ಫಿನ್ ಸಿಕ್ಕವುಗಳಲ್ಲಿ ಕಡಿಮೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಲ್ಲಿ ನೋವೇನೂ ಕಡಿಮೆಯದಲ್ಲ. ನೋವಿಲ್ಲದ ದೇಹಕ್ಕೆ ಕೊಟ್ಟ ಮಾರ್ಫಿನ್ ಮಾಡುವ ಕೆಲಸವೇ ಬೇರೆ, ನೋವುಣ್ಣುವ ದೇಹದಲ್ಲಿ ಅದು ಮಾಡುವುದೇ ಬೇರೆ. ಭಯ ಹುಟ್ಟಿಸುವ ಸುದ್ದಿಗಳಲ್ಲಿ ಈ ಎರಡನೆಯ ಪ್ರಯೋಗದ ಮಾತು ಬರುವುದು ಅಪರೂಪ.

ಮನುಷ್ಯರ ವಿಷಯದಲ್ಲಿ ಲೆಕ್ಕ ಇನ್ನೂ ಜಟಿಲ. ಹೆಚ್ಚು ಮಾರ್ಫಿನ್ ಪಡೆದವರು ಕಡಿಮೆ ಕಾಲ ಬದುಕಿದರೆಂದು ಕೆಲವು ದಾಖಲೆಗಳು ಹೇಳುತ್ತವೆ. ಹೆಚ್ಚು ಮಾರ್ಫಿನ್ ಬೇಕಾಗುವುದು ಕಾಯಿಲೆ ಬಲಿತವರಿಗೇ ಅಲ್ಲವೇ! ಲಾಟರಿ ಎತ್ತಿದಂತೆ ಗುಂಪು ಮಾಡಿ ಹೋಲಿಸಿದಾಗ ಚಿತ್ರ ಬೇರೆ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಒಳಗಾದ 2,100ಕ್ಕೂ ಹೆಚ್ಚು ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಬೆನ್ನಿನ ಬಳಿ ನರಗಳನ್ನು ಮರಗಟ್ಟಿಸಿ, ಉಳಿದವರಿಗೆ ಮಾಮೂಲಿ ಅರಿವಳಿಕೆಯೊಂದಿಗೆ ಓಪಿಯಾಯ್ಡ್ (ಮಾರ್ಫಿನ್ ಜಾತಿಯ ಔಷಧಿ) ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಕ್ಯಾನ್ಸರ್ ಮರುಕಳಿಸಿದ್ದು ಎರಡೂ ಗುಂಪಿನಲ್ಲಿ ಶೇ. 10ರಷ್ಟು ಮಂದಿಗೆ.

ಸೋಂಕಿನ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಓಪಿಯಾಯ್ಡ್ ಸೇವಿಸುತ್ತಿದ್ದವರಲ್ಲಿ ನ್ಯೂಮೋಕಾಕಸ್ ಬ್ಯಾಕ್ಟೀರಿಯಾದ ತೀವ್ರ ಸೋಂಕಿನ ಸಂಭವ ಸೇವಿಸದವರಿಗೆ ಹೋಲಿಸಿದರೆ ಸುಮಾರು 1.6 ಪಟ್ಟು ಎಂದು 2018ರಲ್ಲಿ ಪ್ರಕಟವಾಯಿತು. ಎಲ್ಲ ಓಪಿಯಾಯ್ಡ್‌ಗಳೂ ಒಂದೇ ತೆರನಲ್ಲ; ಬ್ಯುಪ್ರಿನಾರ್ಫಿನ್, ಟ್ರಮಡಾಲ್‌ಗಳಿಂದ ರೋಗನಿರೋಧಕ ಶಕ್ತಿಗೆ ಆಗುವ ಕಾಟ ಪ್ರಾಣಿಗಳಲ್ಲಿ ಕಡಿಮೆ ಕಂಡಿದೆ.

ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನಡಿ ಅಫೀಮು ಬೆಳೆಯುವ ನಮ್ಮ ದೇಶದಲ್ಲೇ 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ರೋಗಿಗಳಿಗೆ ಮಾರ್ಫಿನ್ ಸಿಗದಂತಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಇಷ್ಟರ ಮೇಲೆ ಮನೆಯವರೇ ಮಾತ್ರೆ ಬಚ್ಚಿಟ್ಟರೆ ರೋಗಿ ಯಾರನ್ನು ಕೇಳಬೇಕು? ಡೋಸನ್ನು ನೀವಾಗಿ ಕಡಿಮೆ ಮಾಡಬೇಡಿ, ಥಟ್ಟನೆ ನಿಲ್ಲಿಸಬೇಡಿ. ಜ್ವರ, ಚಳಿ ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಬೇರೆ ಔಷಧಿ ಬೇಕೆನಿಸಿದರೆ ಡಾಕ್ಟರನ್ನು ಕೇಳಿ, ವಾಟ್ಸ್‌ಆ್ಯಪನ್ನಲ್ಲ.